ಮೋಟಾರ ಕಳ್ಳನ ಬಾಲ್ಯ

ಮಾರ್ಚ್ 3, ಸೋಮವಾರ. ರಾಯಚೂರು, ಹಾಸ್ಟೆಲ್ಲು

ಇವತ್ತು ಸುಗ್ರಾ ಬೇಗಂ ಮೇಡಂ ಕ್ಲಾಸಿನಾಗ ಬಾಂಬು ಹಾಕಿದ್ರು. ಎಂ.ಎ. ಕಡೀ ಸೆಮಿಸ್ಟರಿನ ಪ್ರಾಜೆಕ್ಟು ಏನಂದ್ರ, ಜೇಲಿಗೆ ಹೋಗಿ ಬಂದ ಒಬ್ಬರನ್ನ ನಾವ ಹುಡುಕಬೇಕಂತ. ಅವರ ಮುಂದ ಕುಂತು ಮಾತಾಡಿಸಿ, ಯಾಕ ತಪ್ಪು ಮಾಡಿದ್ರು ಅಂತ ಬಾಲ್ಯದಿಂದ ಹಿಡಿದು ಬರೀಬೇಕಂತ. "ಕ್ರಿಮಿನಾಲಜಿನೂ ಇರಬೇಕು, ಸೈಕಾಲಜಿನೂ ಇರಬೇಕು. ಪುಸ್ತಕ ನೋಡಿ ಕಾಪಿ ಹೊಡದ್ರ ನಾ ನಿಮ್ಮನ್ನ ಹೊಡಿತೀನಿ," ಅಂದ್ರು. ನಕ್ಕೋತನ ಅಂದ್ರು. ಆದ್ರ ಮೇಡಂ ಮಾರ್ಕ್ಸ್ ಹಾಕುವಾಗ ನಗಂಗಿಲ್ಲ.

ನನಗ ಕೊಲಿ ಮಾಡಿದವನ ಬೇಕು. ಅದಕ್ಕಿಂತ ಕಡಿಮಿ ಆದ್ರ ಮಜಾ ಇಲ್ಲ. ರೂಮಿನ ನಾಗರತ್ನಾಗ ಸಂಜಿಯೊಳಗ ಒಬ್ಬಾವ ಸಿಕ್ಕೂ ಬಿಟ್ಟ, ಭಾವನಿಗೆ ಹೊಲಕ್ಕ ಹೊಡಿಯೋ ಎಣ್ಣಿ ಕುಡಿಸಿದಾವ. ನಸೀಬು ಅಂದ್ರ ನಸೀಬು ಬಿಡು ಆಕಿದು.

ಅಪ್ಪ ಫೋನು ಹಚ್ಚಿದ್ದ. ಎರಡು ವರ್ಷದಿಂದ ಹಾಡಿದ್ದ ಹಾಡು: "ಮಂಜುಳಾ, ನೆನಪದಲ್ಲ?" ಅದ ಯಪ್ಪಾ, ಅದ. ಮಗಳು ಕಳ್ಳರ ಓದು ಓದಾಕತ್ತಾಳಂತ ನಮ್ಮೂರು ಜಾಲಹಳ್ಳಿ ಮಂದಿ ನಕ್ಕಾಗ ಅಪ್ಪ ಇಟ್ಟ ಕರಾರು ಅದು. ಓದಬೇಕು, ಓದಲಿ. ಆದ್ರ ನನ್ನ ಮ್ಯಾಲ ಒಂದ ಒಂದು ತಕರಾರು ಮನಿ ಬಾಗಲಿಗೆ ಬಂತಂದ್ರ ಅವತ್ತ ಗಂಟುಮೂಟಿ ಕಟ್ಟಿ ಊರಿಗೆ ಹೋಗಾಕ ದೇವದುರ್ಗದ ಬಸ್ಸು ಹತ್ತಬೇಕು. ಆಮ್ಯಾಲ ಪರೀಕ್ಷೆನೂ ಇಲ್ಲ, ಗಿರೀಕ್ಷೆನೂ ಇಲ್ಲ. ಅಪ್ಪ ಟ್ರ್ಯಾಕ್ಟರ್ ಹೊಡಿಯಾವ, ರಿವರ್ಸ್ ಗೇರು ಹಾಕಿದ್ರ ಹಿಂದ ನೋಡಲಾರದ ಬರ್ತಾನ. ಇನ್ನೊಂದ ಪರೀಕ್ಷೆ ಉಳದದ. ಅಲ್ಲಿಮಟ ನಾ ಬಂಗಾರದಂಥಾ ಹುಡುಗಿ.

ಮಾರ್ಚ್ 9, ರವಿವಾರ. ಪೋತ್ನಾಳ

ಸೋದರಮಾವ ಪಕೀರಪ್ಪನ ಮನಿಗೆ ಬಂದೀನಿ. ಮಾವ ಇಲ್ಲಿ ಮರಿಸ್ವಾಮಿ ಸಾಹುಕಾರ್ರ ಅಕ್ಕಿ ಗಿರಣ್ಯಾಗ ಮೇಸ್ತ್ರಿ. ಊರಾಗ ಯಾರ ಮನ್ಯಾಗ ಏನು ಸಾರು ಮಾಡ್ಯಾರಂತ ಮೂಗಿಲೆ ಹೇಳ್ತಾನ. ಊಟಕ್ಕ ಕುಂತಾಗ ಮೆಲ್ಲಕ ಕೇಳಿದ್ನಿ, "ಮಾವಾ, ನಿಮ್ಮೂರಾಗ ಜೇಲು ಕಂಡವರು ಯಾರೂ ಇಲ್ಲೇನು?"

"ಯಾಕಿಲ್ಲ! ರಾಯಚೂರು ರೋಡಿಗೆ ಪಂಚರ್ ಅಂಗಡಿ ಇಟ್ಟಾನಲ್ಲ, ಜಗದೀಶ. ಕಾಲುವಿ ಮ್ಯಾಲಿನ ಮೋಟಾರ ಬಿಚ್ಚಿಕೊಂಡು ಹೋಗಿದ್ದ. ಒಂದು ವರ್ಷ ಒಳಗಿದ್ದು ಬಂದಾನ."

ಮೋಟಾರ! ನಾಗರತ್ನಾ ಭಾವನ್ನ ಮುಗಿಸಿದವನ್ನ ಹಿಡದಾಳ, ನಾ ನೀರೆತ್ತೋ ಮೋಟಾರ ಕದ್ದವನ್ನ. ಥೂ ನನ್ನ ಹಣೇಬರಾ. ಮ್ಯಾಲ ಮಾವ, "ಆ ಕಡೆ ಹಾಯಬ್ಯಾಡ ಮತ್ತ. ಕಳ್ಳನ ಅಂಗಡಿ ಮುಂದ ಹೆಣ್ಣುಹುಡುಗಿ ನಿಂತ್ರ ನಿಮ್ಮಪ್ಪಗ ನಾ ಏನಂತ ಹೇಳಲಿ?" ಅಂದ.

ಹಂಗಾದ್ರ ಹೆಂಗ ಹೋಗೋದು? ಮಾವ ಮಧ್ಯಾಹ್ನ ಮಕ್ಕೊಂಡಾಗ ಅವನ ಸ್ಕೂಟಿಯ ಮುಂದಿನ ಗಾಲಿಗೆ ಒಂದು ಮೊಳಿ ಬಡದ್ನಿ. ಪಂಚರ್ ಆದ ಗಾಡಿ ಪಂಚರ್ ಅಂಗಡಿಗೆ ಹೋಗಲಾರದ ಗುಡಿಗೆ ಹೋಗ್ತದೇನು? ಇದು ಸಂಶೋಧನೆ. ಸಂಶೋಧನೆಗೆ ಮಾಡಿದ್ದು ಅಪರಾಧದ ಲೆಕ್ಕಕ್ಕ ಬರಂಗಿಲ್ಲ, ಹಂಗಂತ ಎಲ್ಲೋ ಓದೀನಿ. ಓದಿಲ್ಲಂದ್ರ ಯಾರರ ಬರೀಬೇಕಿತ್ತು.

ಅಪರಾಧಿ ನೋಡಾಕ ಅಪರಾಧಿಯಂಗ ಇಲ್ಲ. ಮೂವತ್ತರ ಆಸುಪಾಸು, ಕೈತುಂಬ ಗ್ರೀಸು, ಬಾಯಿತುಂಬ ನಗಿ. ಟೈರು ಬಿಚ್ಚಿ ಮೊಳಿ ತಗದು ನನ್ನ ಮುಖ ನೋಡಿದ. "ತಂಗೀ, ರೋಡಿನಾಗಿನ ಮೊಳಿ ಇಷ್ಟು ನೆಟ್ಟಗ ಹೋಗಂಗಿಲ್ಲ."

ನಾ ಕುಂಬಳಕಾಯಿ ಕಳ್ಳನಂಗ ಹೆಗಲು ಮುಟ್ಟಿಕೊಂಡ್ನಿ. ಇದ್ದದ್ದು ಇದ್ದಂಗ ಹೇಳಿದ್ನಿ, ಯೂನಿವರ್ಸಿಟಿ, ಪ್ರಾಜೆಕ್ಟು, ಮಾವನ ಕಟ್ಟಪ್ಪಣೆ, ಅಪ್ಪನ ಕರಾರು. ಅವ ಎಲ್ಲಾ ಕೇಳಿ ಅಂದ, "ಮುಂದಿನ ಸಲ ಹಿಂದಿನ ಗಾಲಿಗೆ ಬಡಿ. ಅದಕ್ಕ ಟೈಮು ಭಾಳ ಹಿಡಿತದ."

ಇನ್ನ ಮ್ಯಾಲ ಇವನ್ನ ಕೇಸ್ ನಂಬರ್ ಒಂದು ಅಂತ ಬರಿತೀನಿ. ಹೆಸರು ಬರಿಯಂಗಿಲ್ಲಂತ ನಿಯಮ ಅದ. ಬಾಜೂಕಿನ ಬಂಡಿಯಿಂದ ಮಿರ್ಚಿ ತರಿಸಿ ಬಾಲ್ಯ ಕೇಳಿದ್ನಿ. ಅವರಪ್ಪ ಗಿರಣಿ ಪಟ್ಟಾ ತಗೊಂಡು ಹೊಡಿತಿದ್ದನಂತ. "ಯಾವಾಗ ಯಾವಾಗ?" ಅಂದ್ನಿ. "ದಿನಾ. ಹಬ್ಬ ಇದ್ರ ಎರಡು ಸಲ."

ಬರಕೊಂಡ್ನಿ. ಬರಕೊಂಡ್ನಿ. ಕೈ ನೋಯೋಮಟ ಬರಕೊಂಡ್ನಿ.

ಮಾರ್ಚ್ 16, ರವಿವಾರ. ಪೋತ್ನಾಳ

ಹಿಂದಿನ ಗಾಲಿ. ಮಾವ ಸ್ಕೂಟಿ ಕಂಪನಿಯವರಿಗೆ ಬೈಯಾಕತ್ತಾನ. ಪಾಪ.

ಕೇಸ್ ನಂಬರ್ ಒಂದು ಇವತ್ತು ನನ್ನ ಅಳಿಸಿದ. ಐದು ವರ್ಷದವ ಇದ್ದಾಗ ತಾಯಿ ಕಾಲರಾ ಆಗಿ ಸತ್ತಳಂತ. ಅವತ್ತಿನಿಂದ ಸುಡಗಾಡದಾಗ ತಾಯಿ ಗೋರಿ ಮ್ಯಾಲ ಮಕ್ಕೊಂತಿದ್ದನಂತ. ಮಲತಾಯಿ ಬಂದು ನುಚ್ಚಿನ ಬದ್ಲಿ ತೌಡು ಉಣ್ಣಾಕ ಹಾಕಿದಳಂತ. ಹೇಳಿಕೋತ ಎರಡು ಪ್ಲೇಟು ಮಿರ್ಚಿ ತಿಂದ. ದುಃಖ ಇದ್ದವರಿಗೆ ಹಸಿವು ಭಾಳ, ಇದೂ ಒಂದು ಲಕ್ಷಣ ಅಂತ ಮಾರ್ಜಿನ್ನಿನಾಗ ಬರದ್ನಿ.

ಕೊಲಿ ಮಾಡಿದವ ಯಾಕ ಬೇಕು? ಇಂಥಾ ಬಾಲ್ಯ ನಾಗರತ್ನಾನ ಕೇಸಿಗೆ ಎಲ್ಲಿಂದ ಬರಬೇಕು!

ಮಾರ್ಚ್ 19, ಬುಧವಾರ. ರಾಯಚೂರು

ಮೇಡಂ ಅರ್ಧ ಬರದದ್ದು ನೋಡಿದ್ರು. "ಅರೇ ಮಂಜುಳಾ, ಏನು ಬಾಲ್ಯ! ಹಾಥ್ ಲಗಾಯೇ ತೋ ಆಂಸೂ ಆತೇ," ಅಂದ್ರು, ಮುಟ್ಟಿದ್ರ ಕಣ್ಣೀರು ಬರ್ತಾವಂತ. ನಾಗರತ್ನಾನ ಮುಖ ಹುಣಸಿಕಾಯಿ ಆತು. ಆಕಿ ಕೇಸಿನಾವ ಬಾಯಿನ ಬಿಡವಲ್ಲನಂತ. ರಾತ್ರಿ ಆಕಿಗೆ ನನ್ನ ಶೇಂಗಾ ಹೋಳಿಗಿ ಕೊಟ್ನಿ, ಗೆದ್ದವರು ದೊಡ್ಡ ಮನಸು ಮಾಡಬೇಕು.

ಮಾರ್ಚ್ 23, ರವಿವಾರ. ಪೋತ್ನಾಳ

ಸತ್ತಾಕಿ ಫೋನು ಹಚ್ಚಿದಳು!

ಕೇಸ್ ನಂಬರ್ ಒಂದು ನೀರಿನ ಬೋಗೋಣಿಯಾಗ ಟ್ಯೂಬು ಮುಳುಗಿಸಿ ಗುಳ್ಳಿ ನೋಡಾಕತ್ತಿದ್ದ. ಫೋನು ನನ್ನ ಮಗ್ಗಲಿನ ಸ್ಟೂಲಿನ ಮ್ಯಾಲಿತ್ತು. ರಿಂಗಾತು, ನೋಡಿದ್ನಿ: "ಅವ್ವ ಮಲ್ಲಟ."

"ಅಣ್ಣಾರ, ನಿಮ್ಮವ್ವ ಸುಡಗಾಡದಿಂದ ಫೋನು ಹಚ್ಯಾಳ."

ಅವ ಟ್ಯೂಬು ಬಿಟ್ಟು ಫೋನು ಕಸಗೊಂಡು, "ಹಾಂ, ಉಂಡ್ನಿ, ಆಮ್ಯಾಲ ಹಚ್ತೀನಿ," ಅಂದು ಕಟ್ ಮಾಡಿದ. ಆಮ್ಯಾಲ, "ಅಕಿ ಮಲತಾಯಿ," ಅಂದ. ತೌಡು ಹಾಕಿದಾಕಿ ಉಂಡೀಯೇನಂತ ಯಾಕ ಕೇಳ್ತಾಳ? ನಾ ಎದ್ದು ಬಂದ್ನಿ. ಮೈಯೆಲ್ಲಾ ಉರಿಯಾಕತ್ತದ. ನಾ ಸುಳ್ಳು ಹಿಡಿಯೋದು ಓದಾಕಿ! ಹುಚ್ಚು ನಾಯಿಗೆ ರೊಟ್ಟಿ ಹಾಕಿದಂಗ ಮಿರ್ಚಿ ಹಾಕೀನಿ ಅವಗ.

ನಾಳಿ ಮಲ್ಲಟಕ್ಕ ಹೋಗಾಕಿ, ಅವರವ್ವನ ಊರಿಗೆ. ವಾರ್ಡನ್ನಿಗೆ ಫೋನಿನಾಗ ದೇವದುರ್ಗದಾಗ ಅತ್ತಿಗೆ ಆರಾಮಿಲ್ಲಂತ ಹೇಳೀನಿ. ದೇವದುರ್ಗದಾಗ ನನಗ ಅತ್ತಿ ಯಾರೂ ಇಲ್ಲ.

ಮಾರ್ಚ್ 24, ಸೋಮವಾರ. ಮಲ್ಲಟ, ಆಮ್ಯಾಲ ರಾಯಚೂರು

ಮುಂಜಾನಿ ಬಸ್ಸಿಗೆ ಹೋದ್ನಿ. ಬಸ್‌ಸ್ಟ್ಯಾಂಡಿನಾಗ "ಪಂಚರ್ ಜಗದೀಶನ ಮನಿ" ಅಂದ್ರ ಯಾರಿಗೂ ಗೊತ್ತಿಲ್ಲ, "ಮೋಟಾರ ಜಗದೀಶ" ಅಂದ ಕೂಡ್ಲೆ ನಾಕು ಮಂದಿ ಕೈ ತೋರಿಸಿದ್ರು.

ಅವರವ್ವ ಬೂದೆಮ್ಮ ಅಂಗಳದಾಗ ಕುಂತು ಪುಂಡಿಪಲ್ಯ ಸೋಸಾಕತ್ತಿದ್ದಳು. ಗಟ್ಟಿಮುಟ್ಟ ಮುದುಕಿ. ಬಂದ ಕಾರಣ ಹೇಳಿದ್ನಿ. ಸಿಟ್ಟಾಗಲಿಲ್ಲ, ತಬ್ಬಿಬ್ಬಾಗಲಿಲ್ಲ.

"ನಾ ಸತ್ತೀನಂತ ಹೇಳ್ಯಾನೇನು? ಯಾವ ಜಡ್ಡಿನಿಂದಂತ?"

"ಕಾಲರಾ ಅಂದಿದ್ರು."

"ಛೀ. ಅದಕ್ಕಿಂತ ಚೊಲೊದು ಸಿಗಲಿಲ್ಲೇನು ಅವಗ?"

ಗಿರಣಿ ಪಟ್ಟಾದ ಅಪ್ಪ ಇರುವಿಗೆ ಸಕ್ಕರಿ ಹಾಕಿಕೋತ ಅಡ್ಡಾಡೋ ಮನುಷ್ಯ ಇದ್ನಂತ. ತೀರಿಕೊಳ್ಳೋಮಟ ಮಗನಿಗೆ ಒಂದು ಏಟು ಹಾಕಿಲ್ಲಂತ. ಮಲತಾಯಿ ಇಲ್ಲವ ಇಲ್ಲ. "ಎರಡು ಎಮ್ಮಿ ಹಾಲು ಅವನೊಬ್ಬನ ಕುಡದಾನ. ಅದಕ್ಕ ಸೊಕ್ಕು ಬಂತು," ಅಂದಳು. ನನ್ನ ಪ್ರಾಜೆಕ್ಟು ಕಣ್ಣ ಮುಂದ ಕರಗಿ ಹೋತು. ಅತ್ತುಬಿಡ್ತಿದ್ನಿ, ಅಷ್ಟರಾಗ ಮುದುಕಿ ಮಗನಿಗೆ ಫೋನು ಹಚ್ಚಿ, "ಸತ್ತಾಕಿ ಕರಿಯಾಕತ್ತಾಳ, ಬಾ," ಅಂದಳು.

ಅಂಗಡಿ ಮುಚ್ಚಿ ಓಡಿ ಬಂದ. ಇನ್ನೂ ಹತ್ತು ಗಂಟೆ ಆಗಿದ್ದಿಲ್ಲ. ಬಾಗಲದಾಗ ನಿಂತು ನಮ್ಮಿಬ್ಬರ ಮುಖ ನೋಡಿ ಕಿವಿ ಹಿಡಕೊಂಡ. ನಾ ಕೇಳಿದ್ನಿ, "ಖರೇ ಹೇಳ್ರಿ. ಮೋಟಾರ ಯಾಕ ಕದ್ರಿ?"

"ಮೋಟಾರ ಇತ್ತು. ಯಾರೂ ಇರಲಿಲ್ಲ. ನನ್ನ ಕಿಸೇದಾಗ ನಟ್ಟು ಬಿಚ್ಚೋ ಪಾನಾ ಇತ್ತು."

"ಅಷ್ಟ ಏನು?"

"ಅಷ್ಟ. ಬುದ್ಧಿ ಇರಲಿಲ್ಲ ತಂಗೀ. ನಿನಗಿಂತ ಮೊದಲ ಇಬ್ಬರು ಬಂದಿದ್ರು ಬರಕೊಳ್ಳಾಕ. ಇದನ್ನ ಹೇಳಿದ್ನಿ. ಪೆನ್ನು ಮುಚ್ಚಿ ಎದ್ದು ಹೋದ್ರು. ನೀ ಕುಂತು ಕೇಳಿದಿ. ನನ್ನ ಅಂಗಡಿ ಮುಂದ ಮಂದಿ ಪಂಚರ್ ಹಾಕೋಮಟ ನಿಂದರ್ತಾರ. ಕುಂದರಂಗಿಲ್ಲ ಯಾರೂ."

ಸಿಟ್ಟು ಇನ್ನೂ ಅದ. ಆದ್ರ ಪುಂಡಿಪಲ್ಯ, ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ ಮುಂದ ಸಿಟ್ಟು ಎಷ್ಟೊತ್ತು ನಿಂದರಬೇಕು? ಸತ್ತಾಕಿ ಜೋಡಿ ಒಂದು ಫೋಟೊ ತಕ್ಕೊಂಡ್ನಿ, ನಾಗರತ್ನಾಗ ತೋರಸಾಕ. ಹಿಂದ ಜಗದೀಶ ತಾಟಿನಾಗ ಕೈ ಇಟ್ಟುಕೊಂಡು ಪೆದ್ದನಂಗ ನೋಡಾಕತ್ತಾನ. ಸಂಜಿ ಬಸ್ಸಿನಮಟ ಅಲ್ಲೇ ಇದ್ವಿ, ಅವ ತಾಯಿ ಮನಿ ಮಾಳಿಗಿ ರಿಪೇರಿ ಮಾಡಿದ, ನಾ ಕೆಳಗ ನಿಂತು ಮಣ್ಣು ಕೊಟ್ನಿ.

ಹಾಸ್ಟೆಲ್ಲಿಗೆ ಬಂದು ಬಾಲ್ಯದ ಹಾಳಿ ಎಲ್ಲಾ ಹರದ್ನಿ. ಹೊಸದಾಗಿ ಬರದ್ನಿ: ಬಾಲ್ಯ ಚೊಲೊ ಇತ್ತು. ಹಾಲು ಕುಡದಾರ.

ಮಾರ್ಚ್ 26, ಬುಧವಾರ

ಮಾವನ ಫೋನು. ಸೋಮವಾರ ಹಾಡುಹಗಲ ಮರಿಸ್ವಾಮಿ ಸಾಹುಕಾರ್ರ ಗದ್ದಿ ಮೋಟಾರ ಹೋಗ್ಯದ. ಮುಂಜಾನಿ ಹತ್ತಕ್ಕ ಆಳು ನೀರು ಬಿಟ್ಟು ಬಂದಾನ, ನಾಕಕ್ಕ ಹೋಗಿ ನೋಡಿದ್ರ ಬರೇ ಪೈಪು. "ಮತ್ತ್ಯಾರು? ಅವನ. ಅವತ್ತ ಅಂಗಡಿನೂ ಮುಚ್ಚಿದ್ದ," ಅಂದ ಮಾವ, ಖುಷಿಲೆ.

ಹತ್ತರಿಂದ ನಾಕು. ಆ ಹೊತ್ತಿನಾಗ ಅವ ಮಲ್ಲಟದ ಮಾಳಿಗಿ ಮ್ಯಾಲಿದ್ದ. ನಾ ಮಣ್ಣು ಕೊಡಾಕತ್ತಿದ್ನಿ.

ಜಗದೀಶಣ್ಣಗ ಫೋನು ಹಚ್ಚಿದ್ನಿ. "ನಮ್ಮವ್ವನ ಮನ್ಯಾಗ ಇದ್ನಿ ಅಂತ ಹೇಳೀನಿ. ನಿನ್ನ ಹೆಸರು ಎತ್ತಿಲ್ಲ, ಎತ್ತಂಗೂ ಇಲ್ಲ. ನಿಮ್ಮಪ್ಪನ ಕರಾರು ನನಗ ಗೊತ್ತದ. ನೀ ಪರೀಕ್ಷೆ ಬರಿ." ಶನಿವಾರ ಅಮಾವಾಸಿ, ಹನುಮಪ್ಪನ ಗುಡಿ ಮುಂದ ಅಕ್ಕಿ ಅಗಸ್ತಾರಂತ. ಅದು ನಮ್ಮ ಕಡೆ ಹಿಂದಿನಿಂದ ಬಂದದ್ದು. ದೇವರ ಮುಂದಿನ ಅಕ್ಕಿ ಒಂದೊಂದು ಹಿಡಿ ಕೊಡ್ತಾರ, ಅಗದು ಎಲಿ ಮ್ಯಾಲ ಉಗುಳಬೇಕು. ಕಳ್ಳನ ಬಾಯಿ ಅಂಜಿಕಿಗೆ ಒಣಗಿರ್ತದ, ಅಕ್ಕಿ ಹಿಟ್ಟಾಗಿ ಒಣದು ಬೀಳ್ತದ. ಹಸಿ ಬಿದ್ರ ಸಾಚಾ.

ಒಣದು ಬಿದ್ರ ಅವ ಊರು ಬಿಡಬೇಕು, ಇಲ್ಲಾ ಪೊಲೀಸ್ ಟೇಶನ್ನು. ಒಮ್ಮಿ ಜೇಲು ಕಂಡವನ ಬಾಯಿ ಒಣಗಲಾರದ ಇರ್ತದೇನು? ಕದೀದಿದ್ರೂ ಒಣಗ್ತದ. ಅಂಜಿಕಿಗೂ ತಪ್ಪಿಗೂ ಬಾಯಿ ಒಂದ ತರಾ ಒಣಗ್ತದಂತ ಮೊದಲ್ನೇ ಸೆಮಿಸ್ಟರಿನಾಗ ಬರದು ಪಾಸಾಗೀನಿ ನಾ.

ಮಾರ್ಚ್ 28, ಶುಕ್ರವಾರ

ಉಪಾಯ ಸಿಕ್ತು! ತೀನ್ ಕಂದೀಲ್ ಮಾರ್ಕೆಟ್ಟಿಗೆ ಹೋಗಿ ಚೀಲ ತುಂಬ ಹುಳಿ ಮಾವಿನಕಾಯಿ ತಂದೀನಿ. ನೋಡಿದ್ರ ಬಾಯಾಗ ನೀರು ಬರಬೇಕು, ಅಂಥಾವು. ನಾನೂ ಬಾಯಿ ಬಿಡೋದು ಬ್ಯಾಡ, ಅವನೂ ಊರು ಬಿಡೋದು ಬ್ಯಾಡ. ವಾರ್ಡನ್ನಿಗೆ ಮತ್ತ ದೇವದುರ್ಗದ ಅತ್ತಿ. ಈ ಸಲ ಆಕಿಗೆ ಸೀರಿಯಸ್ಸು.

ಮಾರ್ಚ್ 29, ಶನಿವಾರ. ಜಾಲಹಳ್ಳಿ

ಎಲ್ಲಾ ಬರಿತೀನಿ, ಬರದ್ರ ಎದಿ ಹಗರಾಗ್ತದ.

ಗುಡಿ ಮುಂದಿನ ಬೇವಿನ ಗಿಡದ ಕೆಳಗ ಊರ ಊರೇ ಕೂಡಿತ್ತು. ಜಗದೀಶಣ್ಣ, ಗದ್ದಿ ಆಳು, ಟ್ರ್ಯಾಕ್ಟರ್ ಡ್ರೈವರು, ಇನ್ನಿಬ್ಬರು, ಇವರನ್ನ ಸಾಲಿಗೆ ಕುಂದರಿಸಿದ್ರು. ನಾ ಮಾವನ ಮನಿಯಿಂದ ತಾಟು ತುಂಬ ಮಾವಿನಕಾಯಿ ಹೋಳು ಮಾಡಿ, ಉಪ್ಪು ಖಾರ ಬ್ಯಾಡಗಿ ಮೆಣಸಿನಕಾಯಿ ಹಂಗ ಕೆಂಪಗ ಹಚ್ಚಿ ತಂದ್ನಿ. "ಬಿಸಿಲು ಭಾಳ ಅದ, ಬಾಯಾಗ ಹಾಕ್ಕೊಳ್ರಿ ಯಪ್ಪಾ." ಸಾಲಿನವರಿಗೆ ಕೊಟ್ನಿ, ಹಿರೇರಿಗೆ ಕೊಟ್ನಿ, ಮರಿಸ್ವಾಮಿ ಸಾಹುಕಾರ್ರಿಗೂ ಕೊಟ್ನಿ. ಸಾಹುಕಾರ್ರು ಎರಡು ಸಲ ಇಸಗೊಂಡ್ರು. "ಪಕೀರಪ್ಪಾ, ನಿನ್ನ ಸೊಸಿ ಭಾಳ ಶಾಣ್ಯಾಕಿ," ಅಂದ್ರು. ಮಾವ ಹಿಗ್ಗಿ ಹೀರಿಕಾಯಿ ಆದ.

ಅಕ್ಕಿ ಅಗದ್ರು. ಎಲ್ಲಾರದೂ ಹಸಿ. ಗಂಜಿ ಹಂಗ ಎಲಿ ಮ್ಯಾಲ ಹರೀತು. ಮಂದಿ ಒಬ್ಬರ ಮುಖ ಒಬ್ಬರು ನೋಡಿದ್ರು, ನಾ ಸೆರಗಿನಾಗ ನಕ್ಕೋತ ನಿಂತಿದ್ನಿ. ಗೆದ್ನಿ ಅಂತ ತಿಳಕೊಂಡಿದ್ನಿ.

ಸಾಹುಕಾರ್ರು ಗಂಟಲು ಸರಿ ಮಾಡಿಕೊಂಡು ಅಂದ್ರು, "ಹನುಮಪ್ಪ ಹೇಳವಲ್ಲ ಅಂದ್ರ ನಾವ ಹೇಳಬೇಕು. ಮೊದಲ ಕದ್ದವ ಇವನ, ಈಗ ಕದ್ದವನೂ ಇವನ. ನಾಳಿ ಉಗಾದಿ. ಹೊತ್ತು ಮುಣಗೋದರಾಗ ಅಂಗಡಿ ಕಿತ್ತುಕೊಂಡು ನಡೀಬೇಕು, ಇಲ್ಲಾಂದ್ರ ಪೊಲೀಸ್ರಿಗೆ ಫೋನು ಹಚ್ತೀನಿ."

ಹಂಗಾದ್ರ ಅಕ್ಕಿ ಯಾಕ ಅಗಸಿದ್ರೋ ಮಹರಾಯರ!

"ಸೋಮವಾರ ನಾ ಮಲ್ಲಟದಾಗಿದ್ನಿ," ಅಂದ ಜಗದೀಶಣ್ಣ. "ಸಾಕ್ಷಿ ಯಾರು?" "ನಮ್ಮವ್ವ." ಎಲ್ಲಾರೂ ನಕ್ಕರು. ಮಾವನೂ ಹೊಟ್ಟಿ ಹಿಡಕೊಂಡು ನಕ್ಕ. ಜಗದೀಶಣ್ಣ ತಲಿ ಕೆಳಗ ಹಾಕಿದ. ನಾ ನಿಂತ ಕಡೆ ಒಮ್ಮಿನೂ ನೋಡಲಿಲ್ಲ. ನೋಡಿದ್ರ ಎಲ್ಲಿ ನನ್ನ ಹೆಸರು ಬಯಲಾಗ್ತದೋ ಅಂತ ಹೆದರಿ ನೋಡಲಿಲ್ಲ, ಅದು ನನಗ ಗೊತ್ತಾತು. ಎದ್ದು ಧೂಳು ಝಾಡಿಸಿಕೊಂಡು ಅಂಗಡಿ ಕಡೆ ಹೊಂಟ.

ನನ್ನ ಬಾಯಿ ಒಣಗಿ ನಾಲಿಗಿ ಅಂಗಳಕ್ಕ ಹತ್ತಿತ್ತು. ತಾಟಿನಾಗ ಮಾವಿನಕಾಯಿ ಇನ್ನಾ ಇತ್ತು, ಒಂದು ಹೋಳು ಕಡದ್ನಿ, ಏನೂ ರುಚಿ ಹತ್ತಲಿಲ್ಲ. "ಸಾಹುಕಾರ್ರ," ಅಂದ್ನಿ, "ಅವರು ಮಲ್ಲಟದಾಗ ಇದ್ದದ್ದು ಖರೇ. ನಾನೂ ಇದ್ನಿ. ಮುಂಜಾನಿಯಿಂದ ಸಂಜಿಮಟ."

ಫೋನಿನಾಗಿನ ಫೋಟೊ ತಗದು ಕೊಟ್ನಿ, ತಾರೀಕು ಹೊತ್ತು ಎರಡೂ ಅದರಾಗಿದ್ವು. ಮಧ್ಯಾಹ್ನ ಒಂದರ ಫೋಟೊ. ಸಾಹುಕಾರ್ರು ನೋಡಿದ್ರು, ಹಿರೇರು ನೋಡಿದ್ರು, ಕೈಯಿಂದ ಕೈಗೆ ಹೋಗಿ ಕಡೀಕ ಪಕೀರಪ್ಪ ಮಾವನ ಕೈಗೆ ಬಂತು. ಮಾವ ಫೋಟೊ ನೋಡಿದ, ನನ್ನ ನೋಡಿದ, ಮತ್ತ ಫೋಟೊ ನೋಡಿದ. ಸಾಹುಕಾರ್ರು, "ಹಂಗಾದ್ರ ಇವ ಅಲ್ಲ. ನಡೀರಿ," ಅಂದು ಎದ್ದರು. ಒಂದು ಮಾತು ತಪ್ಪಾತು ಅನ್ನಲಿಲ್ಲ ಜಗದೀಶಣ್ಣಗ.

ಮಾವ ನನ್ನ ಹಾಸ್ಟೆಲ್ಲಿಗೂ ಹೋಗಗೊಡಲಿಲ್ಲ. ಅಲ್ಲಿಂದಲೇ ಬಸ್ಸು ಹತ್ತಿಸಿ ಜಾಲಹಳ್ಳಿಗೆ ತಂದು ಬಾಗಲದಾಗ ನಿಂದರಿಸಿದ. ಜೇಲು ಕಂಡವನ ಮನ್ಯಾಗ ದಿನಾಪೂರ್ತಿ ಕುಂತು ಉಂಡು ಬಂದಾಳ, ಊರ ಮುಂದ ಹೇಳಿ ನನ್ನ ಮರ್ಯಾದಿ ಕಳದಾಳ, ನನ್ನ ಸ್ಕೂಟಿ ಗಾಲಿ ಇಕಿನ ಚುಚ್ಯಾಳ, ಎಲ್ಲಾ ಹೇಳಿದ. ಗಾಲಿದು ಹೆಂಗ ಗೊತ್ತಾತೋ ತಿಳೀಲಿಲ್ಲ.

ಅಪ್ಪ ಒಂದ ಮಾತು ಕೇಳಿದ. "ಕರಾರು ನೆನಪದಲ್ಲ?"

"ಅದ ಯಪ್ಪಾ."

"ಮುಗೀತು."

ಮಾರ್ಚ್ 30, ರವಿವಾರ. ಉಗಾದಿ

ಬೇವು ಕುಡದ್ವಿ.

ಏಪ್ರಿಲ್ 7, ಸೋಮವಾರ

ಪರೀಕ್ಷೆ ಇಪ್ಪತ್ತೆಂಟಕ್ಕ ಶುರು ಅಂತ ನಾಗರತ್ನಾ ಮೆಸೇಜು ಹಾಕ್ಯಾಳ. ಅವ್ವಗ ತೋರಿಸಿದ್ನಿ. ಅವ್ವ ಅಪ್ಪನ ಕಡೆ ನೋಡಿದಳು, ಅಪ್ಪ ಟ್ರ್ಯಾಕ್ಟರ್ ಕಡೆ ನೋಡಿದ.

ಏಪ್ರಿಲ್ 15, ಮಂಗಳವಾರ

ಅತ್ನಿ. ಬರಿಯೋದು ಏನೂ ಇಲ್ಲ.

ಏಪ್ರಿಲ್ 21, ಸೋಮವಾರ

ಇವತ್ತಿನ ಸುದ್ದಿ ಅಂದ್ರ ಸುದ್ದಿ!

ಮಧ್ಯಾಹ್ನ ಬಸ್ಸಿಗೆ ಒಂದು ಮುದುಕಿ ಕೈಚೀಲ ಹಿಡಕೊಂಡು ಬಂದು ನಮ್ಮ ಕಟ್ಟಿ ಮ್ಯಾಲ ಕಾಲು ಚಾಚಿ ಕುಂತಳು. ಅಪ್ಪ, "ಯಾರವ್ವಾ ನೀವು?" ಅಂದ.

"ಮೋಟಾರ ಕಳ್ಳನ ತಾಯಿ. ಹುಲಗಪ್ಪ ಅಂದ್ರ ನೀನ ಏನು?"

ಬೂದೆಮ್ಮ! ಅಪ್ಪ ಕೆಂಪಗಾದ. ಆದ್ರ ಬಾಗಲಿಗೆ ಬಂದವರಿಗೆ ರೊಟ್ಟಿ ಇಲ್ಲನ್ನೋ ಮನಿ ಅಲ್ಲ ನಮ್ದು. "ಉಂಡು ಹೋಗ್ರಿ," ಅಂದ. ಮುದುಕಿ ಉಂಡಳು. ಹೋಗಲಿಲ್ಲ.

ಏಪ್ರಿಲ್ 22, ಮಂಗಳವಾರ

ಇನ್ನಾ ಹೋಗಿಲ್ಲ. ಮುಂಜಾನೆದ್ದು ಅವ್ವನ ಸಾರಿಗೆ ಉಪ್ಪು ಕಡಿಮಿ ಅಂದಳು. ಎಮ್ಮಿ ಹಿಂಡಿದಳು. ಅಪ್ಪನ ಹಾಸಿಗಿ ಫ್ಯಾನಿನ ಕೆಳಗಿಂದ ಸರಿಸಿ ತನ್ನ ಚಾಪಿ ಹಾಸಿಕೊಂಡಳು. ಟ್ರ್ಯಾಕ್ಟರ್ ಸಪ್ಪಳಕ್ಕ ತಲಿ ನೋಯ್ತದಂತ ಓಣಿ ತುದಿಗೆ ನಿಂದರಸಾಕ ಹಚ್ಯಾಳ. ಅವ್ವಗ ಖುಷಿನೋ ಖುಷಿ, ಇಪ್ಪತ್ತೈದು ವರ್ಷದಾಗ ಆಕಿ ಮಾಡಲಾರದ್ದು ಮುದುಕಿ ಒಂದ ದಿನದಾಗ ಮಾಡ್ಯಾಳ.

ಸಂಜಿಗೆ ಅಪ್ಪ ತಡೀಲಾರದ ಕೇಳಿದ, "ಯವ್ವಾ, ಯಾವಾಗ ಹೋಗ್ತೀರಿ?"

"ನಿನ್ನ ಮಗಳು ಹೋದ ದಿನ."

ಏಪ್ರಿಲ್ 24, ಗುರುವಾರ

ಅಪ್ಪ ಇವತ್ತು ಸಿಟ್ಟಿಗೆದ್ದ. "ಕಳ್ಳನ ಸಲುವಾಗಿ ನನ್ನ ಮಗಳು ಊರ ಬಾಯಿಗೆ ಬಿದ್ದಳು. ಮ್ಯಾಲ ನೀವು ಬಂದು ನನಗ ಬುದ್ಧಿ ಹೇಳ್ತೀರೇನು?"

ಬೂದೆಮ್ಮ ಅಡಿಕಿ ಕತ್ತರಿಸೋದು ನಿಂದರಿಸಿದಳು. ದನಿ ಏರಿಸಲಿಲ್ಲ.

"ಮೊದಲ ಸಲ ನನ್ನ ಮಗ ಖರೇನ ಮೋಟಾರ ಕದ್ದು ತಂದು ಹಿತ್ತಲದಾಗ ಜ್ವಾಳದ ಕಣಿಕಿ ಕೆಳಗ ಮುಚ್ಚಿಟ್ಟಿದ್ದ. ಟೇಶನ್ನಿಗೆ ಹೋಗಿ ಹೇಳಿದಾಕಿ ಯಾರು ಗೊತ್ತೇನು? ನಾನ. ಒಬ್ಬನ ಮಗ, ನನ್ನ ಕೈಲೆ ಜೇಲಿಗೆ ಕಳಿಸಿದ್ನಿ. ಅಂಥಾಕಿ ಈಗ ಮಗನಿಗೆ ಸಾಕ್ಷಿ ಅಂದ್ರ ಊರೆಲ್ಲಾ ಹಲ್ಲು ಕಿಸದು ನಕ್ಕರಂತ ಹುಲಗಪ್ಪಾ. ನಿನ್ನ ಮಗಳು ಒಬ್ಬಾಕಿ ನಗಲಿಲ್ಲ. ಅದು ನಿನಗ ತಕರಾರು ಅನಸ್ತದೇನು?"

ಅಪ್ಪ ಎದ್ದು ಹೊರಗ ಹೋದ. ಓಣಿ ತುದೀಗಿನ ಟ್ರ್ಯಾಕ್ಟರ್ ಹತ್ತಿ ಕುಂತ, ಚಾಲೂ ಮಾಡಲಿಲ್ಲ. ನಾ ಅಡಗಿ ಮನ್ಯಾಗ ಬಂದು ಮುಖ ಮುಚ್ಚಿಕೊಂಡು ಅತ್ನಿ. ಇದನ್ನ ಜಗದೀಶಣ್ಣ ನನಗ ಯಾಕ ಹೇಳಲಿಲ್ಲ? ಅಷ್ಟೆಲ್ಲಾ ಸುಳ್ಳು ಬಾಲ್ಯ ಹೇಳಿದಾವ, ಇದೊಂದು ಖರೇ ಹೇಳಲಿಲ್ಲ. ಪ್ರಾಜೆಕ್ಟಿನಾಗ ಇದನ್ನ ಹಾಕಿದ್ರ ಮೇಡಂ ಪೂರಾ ಮಾರ್ಕ್ಸ್ ಕೊಡ್ತಾರ. ಹಾಕಂಗಿಲ್ಲ. ಅದು ಅವರ ಮನಿ ಮಾತು.

ಏಪ್ರಿಲ್ 26, ಶನಿವಾರ

ಅಪ್ಪ ಉಣ್ಣುವಾಗ ತಾಟು ನೋಡಿಕೋತ ಅಂದ, "ಆ ಹಾಲ್‌ಟಿಕೇಟು ಎಲ್ಲಿ ಕೊಡ್ತಾರ?"

ಬೂದೆಮ್ಮ ತನ್ನ ಕೈಚೀಲ ತುಂಬಾಕ ಶುರು ಮಾಡಿದಳು.

ಏಪ್ರಿಲ್ 28, ಸೋಮವಾರ. ರಾಯಚೂರು

ಅಪ್ಪ ಜೋಡಿಗೆ ಬಂದ. ಬೂದೆಮ್ಮನ್ನ ಮಲ್ಲಟದ ಬಸ್ಸಿಗೆ ಅವನ ಹತ್ತಿಸಿ, ಸೀಟು ಹಿಡಿದು ಕೊಟ್ಟ. ಆಕಿ ಕಿಟಕಿಯಿಂದ, "ಸಾರಿಗೆ ಉಪ್ಪು ಜರಾ ಜಾಸ್ತಿ ಹಾಕಾಕ ಹೇಳು ನಿನ್ನ ಹೆಂಡ್ತಿಗೆ," ಅಂದಳು. ಅಪ್ಪ ಹೂಂ ಅಂದ.

ಪರೀಕ್ಷೆ ಗೇಟಿನ ಮುಂದ ನಿಂತಾಗ ಕೇಳಿದ. "ಒಂದು ಹೇಳು. ಆ ಮೋಟಾರ ಖರೇ ಕದ್ದವರು ಯಾರು?"

"ಗೊತ್ತಿಲ್ಲ ಯಪ್ಪಾ. ಇನ್ನಾ ಸಿಕ್ಕಿಲ್ಲ."

"ಎರಡು ವರ್ಷ ಕಳ್ಳರ ಓದು ಓದಿ ಕಳ್ಳ ಯಾರಂತ ಗೊತ್ತಾಗಲಿಲ್ಲೇನು?"

"ಯಾರು ಅಲ್ಲಂತ ಗೊತ್ತಾತು."

"ಅಷ್ಟಕ್ಕ ಎರಡು ವರ್ಷ ಬೇಕಾತೇನು," ಅಂದು ಟವಲ್ಲಿಲೆ ಬೆವರು ಒರಸಿಕೊಂಡ. "ನಡಿ ನಡಿ, ಗಂಟಿ ಹೊಡೀತಾರ."

ಪೇಪರು ಕಷ್ಟಿತ್ತು. ಎಲ್ಲಾ ಬರದೀನಿ, ಎರಡು ಸಪ್ಲಿಮೆಂಟ್ ತಗೊಂಡ್ನಿ. ಹೊರಗ ಬಂದು ನೋಡಿದ್ರ ಗೇಟಿನ ಹತ್ರ ಗದ್ದಲೋ ಗದ್ದಲ. ಯಾರದೋ ಫೋನು ಕಾಣಂಗಿಲ್ಲಂತ. ಗೇಟಿಗೆ ದಿನಾ ಐಸ್‌ಕ್ಯಾಂಡಿ ಮಾರೋ ಜಮೀರನ ಸುತ್ತ ಮಂದಿ ಮುಕುರಿದ್ರು, ಒಬ್ಬಾವ ಅವನ ಕಾಲರು ಹಿಡದಿದ್ದ. ಅವನಿಗೂ ಮಂದಿಗೂ ನಡುವ ನಮ್ಮಪ್ಪ ಟವಲ್ಲು ಸೊಂಟಕ್ಕ ಬಿಗದು, ಎರಡೂ ಕೈ ಅಗಲಿಸಿ ನಿಂತಿದ್ದ.

"ನನ್ನ ಮಗಳು ಒಳಗ ಕಳ್ಳರ ಓದಿನ ಪರೀಕ್ಷೆ ಬರಿಯಾಕತ್ತಾಳ," ಅನ್ನಾಕತ್ತಿದ್ದ, ಗಂಟಲು ಹರಿಯೋ ಹಂಗ. "ಆಕಿ ಹೊರಗ ಬರೋಮಟ ಇಲ್ಲಿ ಯಾರೂ ಯಾರನ್ನೂ ಕಳ್ಳ ಅನ್ನಂಗಿಲ್ಲ!"

ನನ್ನ ನೋಡಿದ. ಕೈ ಕೆಳಗಿಳಿಸಲಿಲ್ಲ, ಮಂದಿ ಕಡೆ ತಿರುಗಿದ.

"ಬಂದಳು ನೋಡ್ರಿ."